ಡೈಜೆಸ್ಟರ್ ಹೌಸಿಗೆ ಹೊರಟ ತಮ್ಮನಿಗೆ

ತಮ್ಮಾ,

ಕಾಗದದ ಕಾರ್ಖಾನೆಯಲ್ಲಿ ನಿನಗೆ ಕೆಲಸ ಸಿಕ್ಕಿತು, ಅದೂ ಪಲ್ಪ್ ಮಿಲ್ಲಿನ ಬ್ಯಾಚ್ ಡೈಜೆಸ್ಟರ್ ವಿಭಾಗದಲ್ಲಿ ಎಂದು ಕೇಳಿ ಮನಸ್ಸು ತುಂಬಿತು. ಹೋದ ಸ್ವಲ್ಪ ದಿನಕ್ಕೇ ಮೇಲಿನವರು ನಿನ್ನನ್ನು ಕರೆದು ಹೇಳುವ ಮಾತು ಯಾವುದೆಂದು ನನಗೆ ಗೊತ್ತು: "ದಿನಕ್ಕೆ ಇನ್ನೊಂದು ಕುಕ್ ಹೆಚ್ಚಿಗೆ ತೆಗೆಯೋಕೆ ಆಗುತ್ತಾ ನೋಡು." ಈ ಮಾತು ಕಿವಿಗೆ ಬಿದ್ದ ಕೂಡಲೇ ಹೊಸಬರ ಕೈ ಸ್ಟೀಮ್ ವಾಲ್ವಿನ ಮೇಲೆ ಹೋಗುತ್ತದೆ. ಬೇಗ ಕಾಯಿಸಿದರೆ ಬೇಗ ಬೇಯುತ್ತದೆ, ಬೇಗ ಬೆಂದರೆ ಉತ್ಪಾದನೆ ಏರುತ್ತದೆ ಎಂಬ ಲೆಕ್ಕ. ನೀನು ಆ ದಾರಿ ಹಿಡಿಯಬೇಡ. ಈ ಕೆಲಸದಲ್ಲೇ ಕೂದಲು ನರೆತವನಾಗಿ ಹೇಳುತ್ತೇನೆ: ಬ್ಯಾಚ್ ಕುಕಿಂಗ್ ಸುಧಾರಿಸಬೇಕಾದರೆ ಮೊದಲು ಒಂದು ಕುಕ್ ಇನ್ನೊಂದರಂತೆ ಬರುವ ಹಾಗೆ ಮಾಡು. ವೇಗವೂ ಉಳಿತಾಯವೂ ಅದರ ಹಿಂದೆ ತಾವಾಗಿಯೇ ಬರುತ್ತವೆ.

ಕಂಟಿನ್ಯುಯಸ್ ಡೈಜೆಸ್ಟರ್ ಇರುವಲ್ಲಿ ಒಂದೇ ಹರಿವು. ಒಮ್ಮೆ ಹದಕ್ಕೆ ತಂದರೆ ಬಹಳ ಹೊತ್ತು ಹಾಗೇ ನಡೆಯುತ್ತದೆ. ಬ್ಯಾಚ್‌ನಲ್ಲಿ ಹಾಗಿಲ್ಲ. ನಾಲ್ಕೈದು ಗಂಟೆಗೊಮ್ಮೆ ಪಾತ್ರೆ ಖಾಲಿಯಾಗುತ್ತದೆ, ಮತ್ತೆ ಚಿಪ್ಸ್ ತುಂಬುತ್ತದೆ, ಮತ್ತೆ ಲಿಕ್ಕರ್ ಬರುತ್ತದೆ, ಮತ್ತೆ ಕಾಯುತ್ತದೆ. ಆರು ಡೈಜೆಸ್ಟರ್ ಇದ್ದರೆ ದಿನಕ್ಕೆ ಮೂವತ್ತರ ಹತ್ತಿರ ಹೊಸ ಆರಂಭಗಳು. ಪ್ರತಿ ಆರಂಭದಲ್ಲೂ ವ್ಯತ್ಯಾಸ ನುಗ್ಗಲು ಜಾಗವಿದೆ. ಆ ಒಂದೊಂದು ಜಾಗವನ್ನೂ ಗುರುತಿಸಿ ಮುಚ್ಚುತ್ತಾ ಹೋಗುವುದೇ ನಿನ್ನ ನಿಜವಾದ ಕೆಲಸ.

ಮೊದಲು ನೀನು ಕೈಯಿಡುತ್ತಿರುವ ಸರಕಿನ ಬೆಲೆ ತಿಳಿದುಕೋ. 1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದಾಗ ಉತ್ತರ ಕನ್ನಡದ ಕಾಡಿನ ಬಿದಿರು ಎಂದೂ ಮುಗಿಯುವುದಿಲ್ಲ ಎಂದೇ ಜನ ನಂಬಿದ್ದರು. ಇಪ್ಪತ್ತೇ ವರ್ಷದಲ್ಲಿ, 1970ರ ದಶಕದಲ್ಲಿ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಆ ಬಿದಿರು ಹೇಗೆ ಕರಗುತ್ತಿದೆ ಎಂಬುದನ್ನು ಅಧ್ಯಯನ ಮಾಡಿ ತೋರಿಸಬೇಕಾಯಿತು. ಇಂದು ನಮ್ಮ ಕಡೆಯ ಗಿರಣಿಗಳಿಗೆ ಬರುವುದು ಬಹುಪಾಲು ನೀಲಗಿರಿ, ಸುಬಾಬುಲ್, ಗಾಳಿಮರ; ರೈತರು ವರ್ಷಗಟ್ಟಲೆ ಬೆಳೆಸಿದ ಮರ. ಈಗ ಲೆಕ್ಕ ನೋಡು. ದಿನಕ್ಕೆ 300 ಟನ್ ಪಲ್ಪ್ ತೆಗೆಯುವ ಗಿರಣಿ, ಇಳುವರಿ ನೂರಕ್ಕೆ 46 ಎಂದಿಟ್ಟುಕೋ. ಅದಕ್ಕೆ 652 ಟನ್ ಒಣ ಮರ ಬೇಕು. ಇಳುವರಿ 47ಕ್ಕೆ ಏರಿದರೆ 638 ಟನ್ ಸಾಕು. ಒಂದೇ ಒಂದು ಶೇಕಡಾದಲ್ಲಿ ದಿನಕ್ಕೆ 14 ಟನ್ ಮರ ಉಳಿಯಿತು. ಹೊಸ ಯಂತ್ರವಿಲ್ಲದೆ, ಸಾಲವಿಲ್ಲದೆ, ಬರೀ ಕುಕ್‌ಗಳನ್ನು ಹದದಲ್ಲಿಟ್ಟು ಇಷ್ಟು ಉಳಿಸಬಹುದು. ಹೊಲದಲ್ಲಿ ನಿಂತ ಮರದ ಮೇಲೆ ನಿನ್ನ ಶಿಫ್ಟಿನ ಜಾಗ್ರತೆಗೆ ಅಷ್ಟು ಅಧಿಕಾರವಿದೆ.

ಪಾತ್ರೆಯೊಳಗೆ ನಡೆಯುವುದೇನು ಎಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿರಲಿ. ಡಾನ್‌ಜಿಗ್ ಊರಿನ ಕಾರ್ಲ್ ದಾಲ್ 1884ರಲ್ಲಿ ಪೇಟೆಂಟ್ ಪಡೆದ ಕ್ರಾಫ್ಟ್ ವಿಧಾನವೇ ಇವತ್ತಿಗೂ ನಮ್ಮದು. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಸೇರಿದ ವೈಟ್ ಲಿಕ್ಕರ್ ಮರದ ನಾರುಗಳನ್ನು ಅಂಟಿಸಿಟ್ಟ ಲಿಗ್ನಿನ್ ಕರಗಿಸುತ್ತದೆ. ಲಿಗ್ನಿನ್ ಮರದ ಸುಮಾರು ಕಾಲು ಭಾಗ. ಅದು ಮೂರು ಹಂತದಲ್ಲಿ ಹೋಗುತ್ತದೆ. ಮೊದಲ ಹಂತದಲ್ಲಿ, ಇನ್ನೂ ಕಾವು ಏರುತ್ತಿರುವಾಗಲೇ, ಕ್ಷಾರದ ದೊಡ್ಡ ಪಾಲು ಖರ್ಚಾಗುತ್ತದೆ. ಲಿಗ್ನಿನ್ ಮಾತ್ರ ಸ್ವಲ್ಪವೇ ಕರಗಿರುತ್ತದೆ. ಎರಡನೆಯ ಹಂತದಲ್ಲಿ ಲಿಗ್ನಿನ್ನಿನ ಹೆಚ್ಚಿನ ಪಾಲು ಬಿಡುತ್ತದೆ. ಮೂರನೆಯದರಲ್ಲಿ ಉಳಿದ ಲಿಗ್ನಿನ್ ಬಿಡಲು ಹಟ ಮಾಡುತ್ತದೆ, ಆಗ ಕ್ಷಾರ ಸೆಲ್ಯುಲೋಸನ್ನೇ ತಿನ್ನಲು ತೊಡಗುತ್ತದೆ. ಮೂರನೆಯ ಹಂತದ ಬಾಗಿಲಲ್ಲಿ ಕುಕ್ ನಿಲ್ಲಿಸುವುದೇ ನಮ್ಮ ಕೌಶಲ. ಬಾಗಿಲು ದಾಟಿದರೆ ಇಳುವರಿಯೂ ಹೋಯಿತು, ನಾರಿನ ಬಲವೂ ಹೋಯಿತು. ಬಾಗಿಲಿಗೆ ಮೊದಲೇ ನಿಂತರೆ ಬ್ಲೀಚಿಂಗ್‌ನವರು ಹೆಚ್ಚು ಕೆಮಿಕಲ್ ಸುರಿಯಬೇಕು.

ಇನ್ನು ಒಂದೊಂದಾಗಿ ಹೇಳುತ್ತೇನೆ. ಶುರು ಮಾಡಬೇಕಾದ್ದು ಚಿಪ್ಸಿನಿಂದ. ಚಿಪ್ಸಿನ ಉದ್ದ ನೋಡಿ ತೃಪ್ತಿಪಡಬೇಡ, ದಪ್ಪ ನೋಡು. ಕ್ರಾಫ್ಟ್ ಲಿಕ್ಕರ್ ಚಿಪ್ಪಿನೊಳಗೆ ಎಲ್ಲ ಕಡೆಯಿಂದಲೂ ಇಳಿಯುತ್ತದೆ, ಆದ್ದರಿಂದ ಅತಿ ಕಡಿಮೆ ಅಳತೆಯ ಬದಿಯೇ, ಎಂದರೆ ದಪ್ಪವೇ, ನಿರ್ಣಾಯಕ. ಎರಡರಿಂದ ಎಂಟು ಮಿಲಿಮೀಟರ್ ಒಳಗಿರಲಿ. ಅದಕ್ಕಿಂತ ದಪ್ಪದ್ದು ಹೊರಗೆ ಬೆಂದು ಒಳಗೆ ಹಸಿಯಾಗಿ ಉಳಿದು, ಬೇಯದ್ದನ್ನು ಬೇರ್ಪಡಿಸುವ ನಾಟರ್‌ನಲ್ಲಿ ಗಂಟಾಗಿ ಬೀಳುತ್ತದೆ. ಕಡ್ಡಿ, ಪುಡಿ ಹೆಚ್ಚಾದರೆ ಅದು ಕ್ಷಾರವನ್ನು ಮೊದಲೇ ನುಂಗಿ ತಾನೂ ಕರಗಿ ಹೋಗುತ್ತದೆ. ಹೋಗುವ ಮೊದಲು ಡೈಜೆಸ್ಟರಿನ ಸ್ಟ್ರೈನರ್ ಕಟ್ಟಿಸಿ ಸರ್ಕ್ಯುಲೇಷನ್ ಕೆಡಿಸುತ್ತದೆ. ಚಿಪ್ಪರ್ ಚಾಕು ಬದಲಾಯಿಸುವ ದಿನ ಯಾವುದು, ಸ್ಕ್ರೀನ್ ಹರಿದಿದೆಯೇ ಎಂಬುದು ಡೈಜೆಸ್ಟರ್‌ನವನಿಗೂ ಗೊತ್ತಿರಬೇಕು. ವಾರಕ್ಕೊಮ್ಮೆ ಯಾರ್ಡಿಗೆ ಹೋಗಿ ಚಿಪ್ಸ್ ಕೈಯಲ್ಲಿ ಹಿಡಿದು ನೋಡು. ಚಾಕು ಮೊಂಡಾದರೆ ಚಿಪ್ಪಿನ ಅಂಚು ಜಜ್ಜಿದಂತೆ ಕಾಣುತ್ತದೆ. ಜಜ್ಜಿದ ಮರದ ನಾರು ಕುಕ್‌ನಲ್ಲಿ ಬೇಗ ಕೆಡುತ್ತದೆ.

ಮರದ ಜಾತಿ ಬೆರೆಸುವುದು ನಮ್ಮ ದೇಶದ ಗಿರಣಿಗಳಿಗೆ ತಪ್ಪಿದ್ದಲ್ಲ. ಮಾರುಕಟ್ಟೆಯಲ್ಲಿ ಏನು ಸಿಗುತ್ತದೋ ಅದು ಬರುತ್ತದೆ. ನೀಲಗಿರಿ ಬೇಯುವ ರೀತಿ ಬೇರೆ, ಬಿದಿರು ಬೇಯುವ ರೀತಿ ಬೇರೆ. ಬಿದಿರಿನ ಜತೆ ಸಿಲಿಕಾ ಬರುತ್ತದೆ, ಅದು ಮುಂದೆ ಇವಾಪೊರೇಟರ್‌ವರೆಗೂ ಕಾಟ ಕೊಡುತ್ತದೆ. ಬೆರಕೆ ತಪ್ಪಿಸಲಾಗದಿದ್ದರೂ ಬೆರಕೆಯ ಪ್ರಮಾಣ ಇವತ್ತೊಂದು ನಾಳೆಯೊಂದು ಆಗದಂತೆ ನೋಡಿಕೊಳ್ಳಬಹುದು. ಯಾವ ಕುಕ್‌ಗೆ ಯಾವ ಮರ ಎಷ್ಟು ಭಾಗ ಹೋಯಿತು ಎಂದು ಬರೆದಿಡು. ಬರೆದಿಡದ ಬೆರಕೆಯಿಂದ ಬಂದ ಕೆಟ್ಟ ಫಲಿತಾಂಶಕ್ಕೆ ಆಪರೇಟರ್ ಬೈಗುಳ ತಿನ್ನುತ್ತಾನೆ, ಕಾರಣ ಮಾತ್ರ ಯಾರ್ಡಿನಲ್ಲೇ ಉಳಿದುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಿರಣಿಗಳು ಎಡವುವ ಜಾಗ ತೇವಾಂಶ. ಮನೆಯಲ್ಲಿ ಅಕ್ಕಿ ಹಳೆಯದೋ ಹೊಸದೋ ಎಂದು ತಿಳಿಯದೆ ಯಾರೂ ಎಸರಿಗೆ ನೀರು ಅಳೆಯುವುದಿಲ್ಲ. ಇಲ್ಲಿ ಮಾತ್ರ ಮಳೆಗಾಲದ ಚಿಪ್ಸಿಗೂ ಏಪ್ರಿಲ್ ಚಿಪ್ಸಿಗೂ ಒಂದೇ ಅಳತೆಯ ಲಿಕ್ಕರ್ ಬಿಡುತ್ತಾರೆ. ಒಂದು ಡೈಜೆಸ್ಟರಿಗೆ 20 ಟನ್ ಚಿಪ್ಸ್ ಹೋಯಿತು ಎಂದಿಟ್ಟುಕೋ. ತೇವ ನೂರಕ್ಕೆ 45 ಇದ್ದರೆ ಒಳಗಿರುವ ಒಣ ಮರ 11 ಟನ್. ತೇವ 30 ಇದ್ದರೆ 14 ಟನ್. ಮೊದಲ ಸಂದರ್ಭಕ್ಕೆ ಸರಿಯಾಗಿ, ಒಣ ಮರದ ಮೇಲೆ ನೂರಕ್ಕೆ 18ರಂತೆ ಕ್ಷಾರ ಕೊಟ್ಟರೆ ಅದು 1.98 ಟನ್ ಆಯಿತು. ಅಷ್ಟನ್ನೇ ಎರಡನೆಯದಕ್ಕೂ ಕೊಟ್ಟರೆ ಅಲ್ಲಿ ಬಿದ್ದದ್ದು ಬರೀ ನೂರಕ್ಕೆ 14. ಒಂದು ಕುಕ್ ಹದವಾಗಿ ಬೆಂದಿತು, ಇನ್ನೊಂದು ಹಸಿಯಾಯಿತು. ಲಾಗ್‌ಬುಕ್ಕಿನಲ್ಲಿ ಎರಡೂ ಒಂದೇ ಕುಕ್ಕಿನಂತೆ ಕಾಣುತ್ತವೆ. ಆದ್ದರಿಂದ ಬೆಲ್ಟಿನ ಮೇಲೆ ತೂಕದ ಯಂತ್ರ, ಅದರ ಜತೆಗೆ ಪ್ರತಿ ಶಿಫ್ಟಿನಲ್ಲೂ ತೇವದ ಪರೀಕ್ಷೆ, ಮಳೆ ಬಂದ ದಿನ ಇನ್ನೂ ಹೆಚ್ಚು ಸಲ. ಇದನ್ನು ಮೊದಲು ಕೇಳಿ ಪಡೆ. ಚಿಪ್ಸಿನ ಜತೆ ಒಳಹೋಗುವ ನೀರನ್ನೂ ಒಟ್ಟು ದ್ರವದ ಲೆಕ್ಕಕ್ಕೆ ಸೇರಿಸು. ಒಂದು ಭಾಗ ಮರಕ್ಕೆ ಎರಡೂವರೆಯಿಂದ ಮೂರೂವರೆ ಭಾಗ ದ್ರವ ಎಂಬ ಅನುಪಾತ ತೇವವನ್ನೂ ಕೂಡಿಸಿಯೇ ಇರುವುದು. ಕಡಿಮೆ ಬಿದ್ದದ್ದನ್ನು ಹಿಂದಿನ ಕುಕ್ಕಿನಿಂದ ಬಂದ ಬ್ಲ್ಯಾಕ್ ಲಿಕ್ಕರ್ ಹಾಕಿ ತುಂಬು.

ವೈಟ್ ಲಿಕ್ಕರ್ ಕತೆಯೂ ಹೀಗೆಯೇ. ಟ್ಯಾಂಕಿನ ಮಟ್ಟ ನೋಡಿ ಇಷ್ಟು ಘನ ಮೀಟರ್ ಬಿಟ್ಟೆ ಎಂದರೆ ಏನೂ ಹೇಳಿದಂತಾಗಲಿಲ್ಲ. ಅದರೊಳಗೆ ಕ್ಷಾರ ಎಷ್ಟು ಗ್ರಾಂ ಇತ್ತು? ವೈಟ್ ಲಿಕ್ಕರ್ ತಯಾರಾಗುವ ರಿಕಾಸ್ಟಿಸೈಸಿಂಗ್ ಪ್ಲಾಂಟಿನಲ್ಲಿ ಸುಣ್ಣ ಸ್ವಲ್ಪ ಕೆಟ್ಟರೆ, ಗ್ರೀನ್ ಲಿಕ್ಕರ್ ತೆಳ್ಳಗಾದರೆ, ನಿನಗೆ ಬರುವ ಲಿಕ್ಕರಿನ ಬಲ ಇಳಿಯುತ್ತದೆ. ಅಲ್ಲಿನವರ ಜತೆ ಸ್ನೇಹ ಬೆಳೆಸು, ಅವರ ಟೈಟ್ರೇಷನ್ ಫಲಿತಾಂಶ ನಿನ್ನ ಕಂಟ್ರೋಲ್ ರೂಮಿಗೆ ನೇರವಾಗಿ ಬರುವಂತೆ ಮಾಡು. ಅಳತೆ ಯಾವಾಗಲೂ ಕ್ಷಾರದ ಕಿಲೋಗ್ರಾಂನಲ್ಲಿ ಇರಲಿ. ಸಲ್ಫಿಡಿಟಿಯನ್ನೂ, ಎಂದರೆ ಲಿಕ್ಕರಿನ ಕ್ಷಾರದಲ್ಲಿ ಸಲ್ಫೈಡಿನ ಪಾಲನ್ನೂ, ಮರೆಯಬೇಡ: ಅದು ನೂರಕ್ಕೆ ಇಪ್ಪತ್ತು, ಇಪ್ಪತ್ತೈದರ ನಡುವೆ ನಿಂತಿದ್ದರೆ ಲಿಗ್ನಿನ್ ಬೇಗ ಕರಗಿ ನಾರು ಉಳಿಯುತ್ತದೆ, ತೀರ ಕುಸಿದರೆ ನೀನು ಬರೀ ಸೋಡಾದಲ್ಲಿ ಬೇಯಿಸಿದ ಹಾಗೆ.

ಚಿಪ್ಸ್ ತುಂಬುವಾಗ ಆತುರ ಬೇಡ. ಮೇಲಿನಿಂದ ಸುಮ್ಮನೆ ಸುರಿದರೆ ನಡುವೆ ಗುಡ್ಡೆಯಾಗಿ ಸುತ್ತ ಸಡಿಲವಾಗಿ ಕೂರುತ್ತದೆ. ಆಮೇಲೆ ಲಿಕ್ಕರ್ ಸಡಿಲ ಇದ್ದ ದಾರಿಯಲ್ಲೇ ಓಡುತ್ತದೆ, ಬಿಗಿಯಾದ ಕಡೆ ಬೇಯುವುದೇ ಇಲ್ಲ. ಸ್ಟೀಮ್ ಪ್ಯಾಕಿಂಗ್ ಇದ್ದರೆ ಅದನ್ನು ದುರಸ್ತಿಯಲ್ಲಿಡು. ಬಾಯಿಯ ಬಳಿ ಸುತ್ತಲೂ ಹಾಯುವ ಹಬೆ ಚಿಪ್ಸನ್ನು ಸಮನಾಗಿ ಹರಡುತ್ತದೆ, ಮೆತ್ತಗೆ ಮಾಡಿ ಒತ್ತಾಗಿ ಕೂರಿಸುತ್ತದೆ. ಅದೇ ಪಾತ್ರೆಗೆ ನೂರಕ್ಕೆ ಹತ್ತರಷ್ಟಾದರೂ ಹೆಚ್ಚು ಮರ ಹಿಡಿಯುತ್ತದೆ. ಮೇಲಿನವರು ಕೇಳಿದ ಆ "ಇನ್ನೊಂದು ಕುಕ್" ಬಹಳ ಸಲ ಇಲ್ಲಿಯೇ ಅಡಗಿರುತ್ತದೆ, ತಮ್ಮಾ. ಇನ್ನೊಂದು ಲಾಭ ಕಣ್ಣಿಗೆ ಕಾಣುವುದಿಲ್ಲ: ಚಿಪ್ಪಿನ ಒಳಗಿನ ಗಾಳಿಯನ್ನು ಹಬೆ ಹೊರಗೆ ತಳ್ಳುತ್ತದೆ. ಗಾಳಿ ಹೋದ ಜಾಗಕ್ಕೆ ಲಿಕ್ಕರ್ ಇಳಿಯುತ್ತದೆ. ಗಾಳಿ ಒಳಗೇ ಉಳಿದರೆ ಚಿಪ್ಪಿನ ನಡುಭಾಗ ಒಣಗಿಯೇ ಇರುತ್ತದೆ.

ಕಾವು ಏರಿಸುವ ಹೊತ್ತಿನಲ್ಲಿ ತಾಳ್ಮೆ ಬೇಕು. 105ರಿಂದ 120 ಡಿಗ್ರಿಯವರೆಗಿನ ಹಾದಿಯಲ್ಲಿ ಲಿಕ್ಕರ್ ಚಿಪ್ಪಿನೊಳಗೆ ಇಳಿಯಲು ಸಮಯ ಕೊಡು. ಆ ಕಾವಿನಲ್ಲಿ ಅಡುಗೆ ಇನ್ನೂ ಆರಂಭವಾಗಿರುವುದಿಲ್ಲ ಎನ್ನಬಹುದು, ಆದ್ದರಿಂದ ಅಲ್ಲಿ ಕಳೆದ ಸಮಯ ನಷ್ಟವಲ್ಲ. ಆತುರದಿಂದ ಏರಿಸಿದರೆ ಚಿಪ್ಪಿನ ಹೊರಭಾಗ ಕ್ಷಾರವನ್ನೆಲ್ಲ ತಿಂದುಬಿಡುತ್ತದೆ, ಒಳಭಾಗಕ್ಕೆ ಕಾವು ಮಾತ್ರ ಮುಟ್ಟುತ್ತದೆ. ನೇರ ಹಬೆ ಬಿಡುವ ಹಳೆಯ ಪದ್ಧತಿ ನಿನ್ನ ಗಿರಣಿಯಲ್ಲಿದ್ದರೆ ಆ ಹಬೆ ನೀರಾಗಿ ಲಿಕ್ಕರನ್ನು ತೆಳ್ಳಗೆ ಮಾಡುತ್ತದೆ, ಇವಾಪೊರೇಟರಿಗೂ ಹೊರೆ. ಹೀಟರ್ ಮೂಲಕ ಲಿಕ್ಕರ್ ಸುತ್ತಿಸಿ ಕಾಯಿಸುವ ವ್ಯವಸ್ಥೆ ಇದ್ದರೆ ಹೀಟರಿನ ಟ್ಯೂಬಿನಲ್ಲಿ ಕಿಟ್ಟ ಕಟ್ಟಿದೆಯೇ, ಪಂಪು ಹೇಳಿದಷ್ಟು ತಳ್ಳುತ್ತಿದೆಯೇ ಎಂದು ನೋಡುತ್ತಲೇ ಇರು. ಡೈಜೆಸ್ಟರಿನ ಮೇಲಿನ ಕಾವು, ಕೆಳಗಿನ ಕಾವು ಎರಡನ್ನೂ ಅಕ್ಕಪಕ್ಕ ಬರೆ. ಅವೆರಡರ ನಡುವೆ ಅಂತರ ಹೆಚ್ಚಿದ್ದರೆ ಒಂದೇ ಪಾತ್ರೆಯಲ್ಲಿ ಎರಡು ಬಗೆಯ ಪಲ್ಪ್ ತಯಾರಾಗುತ್ತಿದೆ ಎಂದು ತಿಳಿ.

ಗ್ಯಾಸ್ ಆಫ್ ಮಾಡುವುದನ್ನು, ಎಂದರೆ ಒಳಗಿನ ಗಾಳಿ, ಅನಿಲ ಹೊರಬಿಡುವುದನ್ನು, ಎಂದೂ ಬಿಡಬೇಡ. 165 ಡಿಗ್ರಿಯ ಶುದ್ಧ ಹಬೆಗೆ ಗೇಜಿನಲ್ಲಿ ಸುಮಾರು 6 ಕೆಜಿ ಒತ್ತಡ ಕಾಣಬೇಕು. ಒಳಗೆ ಗಾಳಿ, ಟರ್ಪಂಟೈನ್, ಇತರ ಅನಿಲಗಳು ಉಳಿದಿದ್ದರೆ ಗೇಜು 6 ತೋರಿಸುತ್ತದೆ, ಅದರಲ್ಲಿ ಒಂದು ಕೆಜಿ ಗಾಳಿಯದ್ದೇ ಆಗಿದ್ದರೆ ಒಳಗಿನ ನಿಜವಾದ ಕಾವು 159ರ ಹತ್ತಿರವೇ ನಿಂತಿರುತ್ತದೆ. ಒತ್ತಡ ನೋಡಿ ಕುಕ್ ನಡೆಸುವವನಿಗೆ ಅದು ಗೊತ್ತಾಗುವುದೇ ಇಲ್ಲ. ಒತ್ತಡವನ್ನೂ ಕಾವನ್ನೂ ಜತೆಯಾಗಿ ಓದು. ಎರಡೂ ಹೊಂದದಿದ್ದರೆ ರಿಲೀಫ್ ತೆರೆದು ಹೊಂದಿಸು.

ಆ ಆರು ಡಿಗ್ರಿ ಎಷ್ಟು ದೊಡ್ಡದು ಎಂದು ತಿಳಿಯಲು ಎಚ್ ಫ್ಯಾಕ್ಟರ್ ಕಲಿತುಕೋ. 1957ರಲ್ಲಿ ಕೆನಡಾದ ವ್ರೂಮ್ ಎಂಬವರು ಕಾವು, ಸಮಯ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಕೂಡಿಸುವ ಈ ದಾರಿ ತೋರಿಸಿದರು. 100 ಡಿಗ್ರಿಯಲ್ಲಿ ಕುಕ್ಕಿನ ವೇಗ ಒಂದು ಎಂದಿಟ್ಟರೆ, 120ರಲ್ಲಿ ಅದು ಸುಮಾರು 9, 160ರಲ್ಲಿ 400, 165ರಲ್ಲಿ 610, 170ರಲ್ಲಿ 930ರ ಹತ್ತಿರ. ಐದು ಡಿಗ್ರಿಗೆ ವೇಗ ಒಂದೂವರೆ ಪಟ್ಟು! ನಿನ್ನ ಥರ್ಮಾಮೀಟರ್ ಐದು ಡಿಗ್ರಿ ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ಯೋಚಿಸು. ಇನ್ನೊಂದು ಲೆಕ್ಕ: 170 ಡಿಗ್ರಿಯಲ್ಲಿ ಪ್ರತಿ ನಿಮಿಷಕ್ಕೆ ಹದಿನೈದಕ್ಕಿಂತ ಹೆಚ್ಚು ಅಂಕ ಏರುತ್ತದೆ. ಕುಕ್ ಮುಗಿದು, ಪಲ್ಪನ್ನು ಹೊರಬಿಡಬೇಕಾದ ಬ್ಲೋ ಟ್ಯಾಂಕ್ ಖಾಲಿಯಿಲ್ಲ ಎಂದು ಹತ್ತು ನಿಮಿಷ ಕಾದರೆ 150ಕ್ಕೂ ಹೆಚ್ಚು ಸೇರಿತು. 800ಕ್ಕೆ ನಿಲ್ಲಬೇಕಾದ ಕುಕ್ 950 ದಾಟಿತು. ಲಾಗ್‌ಬುಕ್ಕಿನಲ್ಲಿ "ಬ್ಲೋ ತಡ" ಎಂದು ಎರಡು ಪದ ಬಿದ್ದಿರುತ್ತವೆ, ಅಷ್ಟೆ. ಕುಕ್ ನಿಲ್ಲಿಸುವುದನ್ನು ಗಡಿಯಾರಕ್ಕೆ ಬಿಡಬೇಡ, ಎಚ್ ಫ್ಯಾಕ್ಟರಿಗೆ ಬಿಡು. ಅದನ್ನು ಲೆಕ್ಕ ಹಾಕಲು ದೊಡ್ಡ ಯಂತ್ರವೇನೂ ಬೇಡ, ಕಾವಿನ ಅಂಕಿಗಳು ಸರಿಯಾಗಿದ್ದರೆ ಒಂದು ಸಾಮಾನ್ಯ ಕಂಪ್ಯೂಟರ್ ಸಾಕು. ಆದರೆ ನೆನಪಿಡು, ಎಚ್ ಫ್ಯಾಕ್ಟರಿಗೆ ಕ್ಷಾರ ಕಾಣುವುದಿಲ್ಲ, ತೇವ ಕಾಣುವುದಿಲ್ಲ. ಅವು ಹದದಲ್ಲಿದ್ದಾಗ ಮಾತ್ರ ಅದರ ಮಾತು ನಿಜ.

ಈಗ ವೇಳಾಪಟ್ಟಿಗೆ ಬರೋಣ. ಎರಡು ಡೈಜೆಸ್ಟರ್ ಒಟ್ಟಿಗೆ ಕಾವಿಗೆ ಬಂದರೆ ಬಾಯ್ಲರಿನ ಒತ್ತಡ ಕುಸಿಯುತ್ತದೆ, ಪೇಪರ್ ಮೆಷಿನ್‌ನವರು ಕೂಗುತ್ತಾರೆ, ನಿನ್ನ ಎರಡೂ ಕುಕ್ ನಿಧಾನವಾಗುತ್ತವೆ. ಎರಡು ಒಟ್ಟಿಗೆ ಬ್ಲೋಗೆ ಬಂದರೆ ಒಂದು ಕಾಯುತ್ತಾ ಅತಿಯಾಗಿ ಬೇಯುತ್ತದೆ. ಡೈಜೆಸ್ಟರ್‌ಗಳನ್ನು ಸಮ ಅಂತರದಲ್ಲಿ ಸಾಲುಗೊಳಿಸು. ಒಂದು ಹಿಂದೆ ಬಿದ್ದರೆ ಅದನ್ನು ಹೆಚ್ಚು ಕಾವು ಕೊಟ್ಟು ಓಡಿಸಬೇಡ. ಮುಂದಿನದನ್ನು ಇನ್ನೂ ತಣ್ಣಗಿರುವಾಗಲೇ, ತುಂಬುವ ಹಂತದಲ್ಲಿ, ಸ್ವಲ್ಪ ತಡೆದು ನಿಲ್ಲಿಸು. ತಣ್ಣಗೆ ಕಾಯುವುದಕ್ಕೆ ಬೆಲೆಯಿಲ್ಲ, ಬಿಸಿಯಾಗಿ ಕಾಯುವುದಕ್ಕೆ ಬೆಲೆ ಇದೆ. ಈ ಒಂದು ನಿಯಮ ಎಲ್ಲ ಶಿಫ್ಟಿಗೂ ರೂಢಿಯಾದರೆ ನಿನ್ನ ಅರ್ಧ ತೊಂದರೆ ಕಳೆಯಿತು.

ಕುಕ್ಕಿನ ತೀರ್ಪು ಹೇಳುವುದು ಕಪ್ಪಾ ನಂಬರ್. ಅದನ್ನು 0.15ರಿಂದ ಗುಣಿಸಿದರೆ ಪಲ್ಪಿನಲ್ಲಿ ಉಳಿದ ಲಿಗ್ನಿನ್ ಶೇಕಡಾ ಎಷ್ಟು ಎಂದು ಸುಮಾರಾಗಿ ತಿಳಿಯುತ್ತದೆ. ಕಪ್ಪಾ 18 ಎಂದರೆ ಲಿಗ್ನಿನ್ 2.7. ಸರಾಸರಿ ನೋಡಿ ಸಮಾಧಾನ ಪಡಬೇಡ. ಒಂದು ಗಿರಣಿಯ ಕುಕ್‌ಗಳು 17ರಿಂದ 19ರ ಒಳಗಿವೆ, ಇನ್ನೊಂದರವು 13ರಿಂದ 23ರವರೆಗೆ ಹರಡಿವೆ ಎಂದುಕೋ. ಎರಡರ ಸರಾಸರಿಯೂ 18 ಇರಬಹುದು. ಎರಡನೆಯ ಗಿರಣಿ 13ರ ಕುಕ್‌ನಲ್ಲಿ ಮರ ಕಳೆದುಕೊಂಡಿತು, 23ರ ಕುಕ್‌ಗಾಗಿ ಬ್ಲೀಚಿಂಗ್‌ನಲ್ಲಿ ಕ್ಲೋರಿನ್ ಡೈಆಕ್ಸೈಡ್ ಹೆಚ್ಚು ಸುರಿಯಿತು. ಎರಡು ಕಡೆಯೂ ನಷ್ಟ. ಆದ್ದರಿಂದ ನಿನ್ನ ಗೋಡೆಯ ಮೇಲೆ ಪ್ರತಿ ಕುಕ್ಕಿನ ಕಪ್ಪಾವನ್ನು ಚುಕ್ಕಿಯಾಗಿ ಇಡುವ ಒಂದು ಹಾಳೆ ಇರಲಿ. ಚುಕ್ಕಿಗಳು ಹತ್ತಿರ ಬರುತ್ತಾ ಹೋದರೆ ನೀನು ಸುಧಾರಿಸುತ್ತಿದ್ದೀಯ. ಜತೆಗೆ ಬ್ಲ್ಯಾಕ್ ಲಿಕ್ಕರಿನಲ್ಲಿ ಉಳಿದ ಕ್ಷಾರ ನೋಡು: ಲೀಟರಿಗೆ 5ರಿಂದ 10 ಗ್ರಾಂ ಇರಲಿ. ತೀರ ಕಡಿಮೆಯಾದರೆ ಕರಗಿದ ಲಿಗ್ನಿನ್ ಮತ್ತೆ ನಾರಿನ ಮೇಲೆ ಕೂರುತ್ತದೆ; ಹೆಚ್ಚಾದರೆ ಕ್ಷಾರ ಸುಮ್ಮನೆ ಹರಿದು ರಿಕವರಿ ಬಾಯ್ಲರಿಗೆ ಹೊರೆಯಾಗುತ್ತದೆ.

ಚುಕ್ಕಿಗಳು ಹತ್ತಿರ ಬಂದ ಮೇಲೆ ದೊಡ್ಡ ಬದಲಾವಣೆಯ ಮಾತು ಎತ್ತು. ಪೂರ್ಣ ಒತ್ತಡದಲ್ಲಿ ಬಿಸಿ ಬಿಸಿಯಾಗಿ ಬ್ಲೋ ಮಾಡಿದಾಗ ನಾರು ಪೆಟ್ಟು ತಿಂದು ಬಲ ಕಳೆದುಕೊಳ್ಳುತ್ತದೆ, ಅಷ್ಟೂ ಕಾವು ಹಬೆಯಾಗಿ ಹಾರುತ್ತದೆ. ಇದಕ್ಕೆ ಪರಿಹಾರವಾಗಿ 1980ರ ದಶಕದಲ್ಲಿ ಡಿಸ್‌ಪ್ಲೇಸ್‌ಮೆಂಟ್ ಕುಕಿಂಗ್ ಬಂತು. ಅಮೆರಿಕದ ಬೆಲಾಯ್ಟ್ ಕಂಪನಿಯ ಆರ್‌ಡಿಎಚ್, ನಾರ್ಡಿಕ್ ದೇಶಗಳ ಸೂಪರ್‌ಬ್ಯಾಚ್ ಇದರಲ್ಲಿ ಹೆಸರಾದವು. ಚಿಪ್ಸಿನ ಮೇಲೆ ಮೊದಲು ಬೆಚ್ಚಗಿನ ಬ್ಲ್ಯಾಕ್ ಲಿಕ್ಕರ್, ಆಮೇಲೆ ಬಿಸಿ ಬ್ಲ್ಯಾಕ್ ಲಿಕ್ಕರ್, ಕೊನೆಗೆ ಬಿಸಿ ವೈಟ್ ಲಿಕ್ಕರ್. ಒಂದು ಇನ್ನೊಂದನ್ನು ತಳ್ಳುತ್ತಾ ಬರುತ್ತದೆ. ಕುಕ್ ಮುಗಿದಾಗ ವಾಷಿಂಗ್ ವಿಭಾಗದ ತಣ್ಣನೆಯ ಫಿಲ್ಟ್ರೇಟ್ ಕೆಳಗಿನಿಂದ ಬಂದು ಬಿಸಿ ಲಿಕ್ಕರನ್ನು ಟ್ಯಾಂಕಿಗೆ ತಳ್ಳುತ್ತದೆ. ಆ ಕಾವು ಮುಂದಿನ ಕುಕ್ಕಿಗೆ ಸಿಗುತ್ತದೆ. ಪಲ್ಪ್ 100 ಡಿಗ್ರಿಗಿಂತ ಕೆಳಗಿಳಿದ ಮೇಲೆ ಪಂಪಿನಿಂದ ಮೆಲ್ಲನೆ ಹೊರತೆಗೆಯುತ್ತಾರೆ. ಹಬೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯ, ನಾರಿಗೆ ಬಲ, ಮೂಗಿಗೆ ವಾಸನೆಯೂ ಕಡಿಮೆ.

ಆದರೆ ಈ ವ್ಯವಸ್ಥೆಗೆ ಒಂದು ಷರತ್ತಿದೆ. ಹಿಂದಿನ ಕುಕ್ಕಿನ ಲಿಕ್ಕರೇ ಮುಂದಿನ ಕುಕ್ಕಿನ ಆಹಾರ. ಹಿಂದಿನದು ಹದ ತಪ್ಪಿದರೆ ಟ್ಯಾಂಕಿನ ಕಾವು, ಕ್ಷಾರ ಎರಡೂ ಕೆಡುತ್ತವೆ, ಆ ದೋಷ ಕುಕ್ಕಿನಿಂದ ಕುಕ್ಕಿಗೆ ದಾಟುತ್ತದೆ. ಅಳತೆಯ ಶಿಸ್ತು ಇಲ್ಲದ ಕಡೆ ಹೊಸ ಟ್ಯಾಂಕುಗಳನ್ನು ಕಟ್ಟಿ ನಿಲ್ಲಿಸಿದರೆ ಹಣ ಹೋಗುತ್ತದೆ, ಹಳೆಯ ತೊಂದರೆ ಹೊಸ ಪೈಪಿನಲ್ಲಿ ಹರಿಯುತ್ತದೆ. ಅದಕ್ಕೇ ಈ ಕ್ರಮ ಹೇಳುತ್ತಿರುವುದು: ಮೊದಲು ಶಿಸ್ತು, ಆಮೇಲೆ ಯಂತ್ರ. ಇನ್ನು ಕುಕ್ ಬೇಗ ಮಾಡಲು ಆಂಥ್ರಾಕ್ವಿನೋನ್ ಹಾಕೋಣ ಎಂದು ಯಾರಾದರೂ ಹೇಳಿದರೆ, ನಿಮ್ಮ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕೇಳು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಆಹಾರಕ್ಕೆ ತಾಗುವ ಕಾಗದಕ್ಕೆ ಬಳಸಬಹುದಾದ ವಸ್ತುಗಳ ಪಟ್ಟಿಯಿಂದ ಅದನ್ನು 2013ರಲ್ಲಿ ತೆಗೆದುಹಾಕಿದೆ.

ಬದಲಾವಣೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಮಾಡು. ಕ್ಷಾರವನ್ನೂ ಇಳಿಸಿ, ಕಾವನ್ನೂ ಏರಿಸಿ, ಚಿಪ್ಸನ್ನೂ ಬದಲಿಸಿದರೆ ಫಲಿತಾಂಶ ಒಳ್ಳೆಯದಾದರೂ ಯಾವುದರಿಂದ ಆಯಿತು ಎಂದು ತಿಳಿಯದು. ಒಂದು ಡೈಜೆಸ್ಟರಿನಲ್ಲಿ ಮಾಡಿ, ಪಕ್ಕದ್ದನ್ನು ಹಾಗೇ ಬಿಟ್ಟು, ಮೂರು ಶಿಫ್ಟಿನಲ್ಲೂ ನೋಡಿ, ಆಮೇಲೆ ಎಲ್ಲಕ್ಕೂ ಹರಡು. ಶಿಫ್ಟಿನಿಂದ ಶಿಫ್ಟಿಗೆ ಕುಕ್ ಬದಲಾಗುತ್ತಿದ್ದರೆ ಯಾರು ತಪ್ಪು ಎಂದು ಹುಡುಕಲು ಹೋಗಬೇಡ. ಎಲ್ಲರನ್ನೂ ಕೂರಿಸಿಕೊಂಡು ಒಂದೇ ವಿಧಾನ ಬರೆದಿಡು. ಹಿರಿಯ ಆಪರೇಟರ್‌ಗಳನ್ನು "ಅಣ್ಣಾ, ನೀವು" ಎಂದೇ ಕರೆ. ಪಂಪಿನ ಸದ್ದು ಕೇಳಿಯೇ ಸ್ಟ್ರೈನರ್ ಕಟ್ಟಿದೆ ಎನ್ನಬಲ್ಲವರು ಅವರು. ಅವರಿಗೆ ಗೊತ್ತಿರುವುದನ್ನು ಲಾಗ್‌ಬುಕ್ಕಿಗೆ ತರುವುದು ನಿನ್ನ ಓದಿನ ಸಾರ್ಥಕತೆ. ಕೆಟ್ಟ ಕುಕ್ಕನ್ನು ನಿಜವಾಗಿ ಬರೆದವನನ್ನು ಎಂದೂ ಬಯ್ಯಬೇಡ. ಒಮ್ಮೆ ಬೈದರೆ ಆಮೇಲೆ ನಿನ್ನ ಲಾಗ್‌ಬುಕ್ಕಿನಲ್ಲಿ ಬರೀ ಒಳ್ಳೆಯ ಕುಕ್‌ಗಳೇ ಇರುತ್ತವೆ, ಡೈಜೆಸ್ಟರಿನಲ್ಲಿ ಮಾತ್ರ ಇರುವುದಿಲ್ಲ.

ಸುರಕ್ಷತೆಯ ಮಾತನ್ನು ಕೊನೆಗೆ ಇಟ್ಟದ್ದು ಅದು ಮನಸ್ಸಿನಲ್ಲಿ ಉಳಿಯಲಿ ಎಂದು. 2020ರ ಏಪ್ರಿಲ್ 15ರಂದು ಅಮೆರಿಕದ ಮೇನ್ ರಾಜ್ಯದ ಜೇ ಎಂಬ ಊರಿನ ಗಿರಣಿಯಲ್ಲಿ ಡೈಜೆಸ್ಟರ್ ಸಿಡಿಯಿತು. ಪಲ್ಪ್, ಲಿಕ್ಕರ್, ಮರದ ಚೂರು ಆಕಾಶಕ್ಕೆ ಎದ್ದು ಊರ ಮೇಲೆ ಬಿತ್ತು. ಯಾರ ಪ್ರಾಣವೂ ಹೋಗಲಿಲ್ಲ, ಅದು ಪುಣ್ಯ. ಆದರೆ ಅಲ್ಲಿ ಮತ್ತೆ ಪಲ್ಪ್ ತಯಾರಾಗಲಿಲ್ಲ, 2023ರಲ್ಲಿ ಗಿರಣಿಯೇ ಮುಚ್ಚಿತು. ಡೈಜೆಸ್ಟರಿನ ಗೋಡೆ ಕ್ಷಾರಕ್ಕೆ ಸವೆಯುತ್ತಲೇ ಇರುತ್ತದೆ, ವೆಲ್ಡಿನ ಅಂಚಿನಲ್ಲಿ ಬಿರುಕು ಬಿಡಬಹುದು. ಗೋಡೆಯ ದಪ್ಪ ಅಳೆಯುವ ದಿನವನ್ನು ಉತ್ಪಾದನೆಗಾಗಿ ಮುಂದೂಡುವ ಮಾತು ಬಂದರೆ ನೀನು ಒಪ್ಪಬೇಡ. ಒತ್ತಡ ಇರುವಾಗ ಮುಚ್ಚಳ ತೆರೆಯಲು ಬಿಡದ ಇಂಟರ್‌ಲಾಕ್ ಅನ್ನು ಬೈಪಾಸ್ ಮಾಡಲು ಯಾರಿಗೂ ಅವಕಾಶ ಕೊಡಬೇಡ. ಹೈಡ್ರೋಜನ್ ಸಲ್ಫೈಡ್ ವಾಸನೆ ಬರುತ್ತಿದ್ದು ಇದ್ದಕ್ಕಿದ್ದಂತೆ ನಿಂತರೆ ಅಪಾಯ ಹೋಯಿತು ಎಂದು ತಿಳಿಯಬೇಡ. 100 ಪಿಪಿಎಂ ಹೊತ್ತಿಗೆ ಮೂಗೇ ಸತ್ತಿರುತ್ತದೆ. ಮೀಟರ್ ಇಲ್ಲದೆ, ಹೊರಗೆ ಕಾವಲು ಇಲ್ಲದೆ, ಯಾವ ಟ್ಯಾಂಕಿಗೂ ಯಾರನ್ನೂ ಇಳಿಸಬೇಡ. ಬ್ಲೋ ಆದಾಗ ಬರುವ ಗಂಧಕದ ಅನಿಲಗಳನ್ನು ಹಿಡಿದು ಸುಡುವ ವ್ಯವಸ್ಥೆ ನಿಂತರೆ ಅದನ್ನೂ ಒಂದು ಬ್ರೇಕ್‌ಡೌನ್ ಎಂದೇ ಬರೆ. ಗಿರಣಿಯ ಪಕ್ಕದ ಊರಿನವರು ಆ ಗಾಳಿಯನ್ನೇ ಉಸಿರಾಡುವವರು.

ನಮ್ಮ ನಾಡಿನಲ್ಲಿ ಈ ಕಸುಬು ಸಣ್ಣದೇನಲ್ಲ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ಆದರೂ ದಾಂಡೇಲಿಯಲ್ಲಿ ಕಾಗದ, ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ರೇಯಾನಿಗೆ ಬೇಕಾದ ಪಲ್ಪ್ ಇಂದಿಗೂ ತಯಾರಾಗುತ್ತಿದೆ. ಒಂದು ಗಿರಣಿ ನಿಂತರೆ ಅದರ ಕ್ವಾರ್ಟರ್ಸು, ಅಂಗಡಿ, ಶಾಲೆ ಎಲ್ಲವೂ ಜತೆಯಲ್ಲಿ ಸೊರಗುತ್ತವೆ. ಮರ, ಹಬೆ, ಕ್ಷಾರ ಈ ಮೂರನ್ನು ಪೋಲು ಮಾಡದ ಗಿರಣಿಗೆ ಕೆಟ್ಟ ಕಾಲ ಬಂದರೂ ತಾಳುವ ಶಕ್ತಿ ಇರುತ್ತದೆ. ಆ ಮೂರೂ ಖರ್ಚಾಗುವ ಜಾಗದಲ್ಲಿ ನೀನು ನಿಲ್ಲುತ್ತಿದ್ದೀಯ.

ಆದ್ದರಿಂದ ಮೇಲಿನವರಿಗೆ ವಿನಯದಿಂದ ಹೀಗೆ ಹೇಳು: "ಇನ್ನೊಂದು ಕುಕ್ ಕೊಡುತ್ತೇನೆ, ಅದಕ್ಕೆ ಮೊದಲು ಮೂರು ತಿಂಗಳು ಕೊಡಿ. ತೇವ ಅಳೆಯಲು ಒಬ್ಬ ಹುಡುಗ, ಸರಿಯಾದ ಥರ್ಮಾಮೀಟರ್‌ಗಳು, ವೈಟ್ ಲಿಕ್ಕರಿನ ಪರೀಕ್ಷೆ ಹೊತ್ತಿಗೆ ಸರಿಯಾಗಿ ಬರಲಿ. ಇಷ್ಟೇ ಸಾಕು." ಆ ಮೂರು ತಿಂಗಳಲ್ಲಿ ಕಪ್ಪಾ ನಂಬರಿನ ಚುಕ್ಕಿಗಳನ್ನು ಹತ್ತಿರ ತಾ. ಬಿಸಿಯಾಗಿ ಕಾಯುವ ಕುಕ್‌ಗಳು ನಿಲ್ಲುತ್ತವೆ, ಮತ್ತೆ ಬೇಯಿಸಬೇಕಾದ ಗಂಟುಗಳು ಕಡಿಮೆಯಾಗುತ್ತವೆ, ಪ್ಯಾಕಿಂಗ್ ಸರಿಯಾದ ಡೈಜೆಸ್ಟರಿನಲ್ಲಿ ಮರ ಹೆಚ್ಚು ಹಿಡಿಯುತ್ತದೆ. ಅವರು ಕೇಳಿದ ಟನ್ನು ಅಲ್ಲಿಂದಲೇ ಬರುತ್ತದೆ, ಒಂದು ಡಿಗ್ರಿಯನ್ನೂ ಹೆಚ್ಚಿಸದೆ. ಹೊಸ ಯಂತ್ರಕ್ಕೆ ಹಣ ಕೇಳಲು ಆಗ ನಿನ್ನ ಕೈಯಲ್ಲಿ ಸಾಕ್ಷಿಯೂ ಇರುತ್ತದೆ. ಶಿಸ್ತಿನಿಂದ ಅಳೆ, ನಿಜ ಬರೆ, ಜತೆಯವರನ್ನು ಗೌರವಿಸು. ನಿನಗೆ ಒಳ್ಳೆಯದಾಗಲಿ, ತಮ್ಮಾ.